ಕಪ್ಪು-ಕಿತ್ತಳೆ ನೊಣಹಿಡುಕ: ಪೊದೆ ಸವರಬೇಡಿ, ದರಗು ಗುಡಿಸಬೇಡಿ

ಪ್ರಶ್ನೆ: ನಮ್ಮ ಕಾಫಿ ತೋಟ ಬಾಬಾಬುಡನ್‌ಗಿರಿ ಸಾಲಿನ ಮಗ್ಗುಲಲ್ಲಿದೆ, ಎತ್ತರ ಸುಮಾರು 4,500 ಅಡಿ. ತೋಟದ ಮೇಲ್ತುದಿಯಲ್ಲಿ ಹಳ್ಳದ ಗುಂಟ ಮೂರು ಎಕರೆಯಷ್ಟು ಶೋಲಾ ಕಾಡನ್ನು (ಎತ್ತರದ ಬೆಟ್ಟಗಳ ಕಣಿವೆಯಲ್ಲಿ ಬೆಳೆಯುವ ನಿತ್ಯಹಸಿರು ಕಾಡು) ಹಾಗೇ ಬಿಟ್ಟಿದ್ದೇವೆ. ಅಲ್ಲಿ ಗುಬ್ಬಚ್ಚಿಗಿಂತ ಚಿಕ್ಕದೊಂದು ಹಕ್ಕಿ ಇದೆ. ಮೈಯೆಲ್ಲ ಕಿತ್ತಳೆ, ತಲೆ ಮತ್ತು ರೆಕ್ಕೆ ಕಪ್ಪು, ನೆಲದಿಂದ ಸೊಂಟದೆತ್ತರ ದಾಟಿ ಮೇಲೆ ಹೋಗಿದ್ದು ಕಂಡಿಲ್ಲ. ಮೊದಲೆಲ್ಲ ಹೋದಾಗಲೆಲ್ಲ ಸಿಗುತ್ತಿತ್ತು. ಹೋಂಸ್ಟೇಗೆ ಬರುವವರು ಫೋಟೋ ತೆಗೆಯಲಿ ಎಂದು ಹೋದ ವರ್ಷ ಕಾಡಿನ ಅಡಿಯ ಪೊದೆ ಸವರಿಸಿದೆವು, ಆಮೇಲೆ ಅಪರೂಪವಾಗಿದೆ. ಇದು ಯಾವ ಹಕ್ಕಿ? ಗೂಡುಪೆಟ್ಟಿಗೆ, ನೀರಿನ ತೊಟ್ಟಿ ಇಟ್ಟರೆ ಮತ್ತೆ ಬರುತ್ತದೆಯೇ? ನಿಜವಾಗಿ ಕಮ್ಮಿಯಾಗಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ?

ಉತ್ತರ: ನೀವು ಕೊಟ್ಟ ವಿವರದಲ್ಲೇ ಹೆಸರು ಇದೆ. ಅದು ಕಪ್ಪು-ಕಿತ್ತಳೆ ನೊಣಹಿಡುಕ, ವೈಜ್ಞಾನಿಕ ಹೆಸರು ಫಿಸೆಡ್ಯುಲ ನೈಗ್ರೊರೂಫ. ಮದರಾಸಿನ ಸೇನೆಯಲ್ಲಿ ವೈದ್ಯನಾಗಿದ್ದ ಥಾಮಸ್ ಜರ್ಡನ್ 1839ರಲ್ಲಿ ಇದನ್ನು ವಿವರಿಸಿ ಹೆಸರಿಟ್ಟ. ಉದ್ದ 11ರಿಂದ 13 ಸೆಂ.ಮೀ. ಪಶ್ಚಿಮ ಘಟ್ಟದ ದಕ್ಷಿಣದ ಬೆಟ್ಟಗಳನ್ನು ಬಿಟ್ಟರೆ ಲೋಕದಲ್ಲಿ ಇನ್ನೆಲ್ಲೂ ಇಲ್ಲ. ನೀಲಗಿರಿ, ಆನೆಮಲೆ, ಪಳನಿ ಬೆಟ್ಟಗಳ ಎತ್ತರದ ಕಾಡುಗಳು ಇದರ ಮುಖ್ಯ ನೆಲೆ. ನಮ್ಮಲ್ಲಿ ಬಿಳಿಗಿರಿರಂಗನ ಬೆಟ್ಟ, ಕೊಡಗಿನ ಬ್ರಹ್ಮಗಿರಿ, ನಿಮ್ಮ ಬಾಬಾಬುಡನ್‌ಗಿರಿ ಸಾಲು ಇವುಗಳಲ್ಲಿ ಇದೆ. ಹೆಚ್ಚಾಗಿ 1,500 ಮೀಟರಿಗಿಂತ, ಅಂದರೆ ಸುಮಾರು 4,900 ಅಡಿಗಿಂತ ಮೇಲಿನ ಕಾಡು ಇದಕ್ಕೆ ಇಷ್ಟ. ತಂಪು, ತೇವ, ನೆರಳು ಸಾಕಷ್ಟಿದ್ದರೆ 700 ಮೀಟರಿನವರೆಗೂ ಇಳಿಯುತ್ತದೆ. ನಿಮ್ಮ ತೋಟ ಆ ಮುಖ್ಯ ಎತ್ತರದ ಕೆಳ ಅಂಚಿನಲ್ಲಿದೆ. ಅಲ್ಲಿ ಈ ಹಕ್ಕಿಯನ್ನು ಹಿಡಿದಿಟ್ಟಿರುವುದು ಎತ್ತರಕ್ಕಿಂತ ಹೆಚ್ಚಾಗಿ ಆ ಹಳ್ಳದ ತಂಪು. ಇದನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ಗುರುತಿನ ವಿಷಯದಲ್ಲಿ ಎರಡು ಮಾತು, ಏಕೆಂದರೆ ಹೋಂಸ್ಟೇ ಅತಿಥಿಗಳು ತೋರಿಸುವ ಫೋಟೋಗಳಲ್ಲಿ ಬಹುಪಾಲು ಬೇರೆ ಹಕ್ಕಿಗಳದ್ದಾಗಿರುತ್ತವೆ. ಹೆಚ್ಚು ತಪ್ಪು ಆಗುವುದು ಚಿತ್ರಪಕ್ಷಿಯ ಜೊತೆ. ಅದರ ಗಂಡಿಗೂ ಕಪ್ಪು ತಲೆ, ಕಿತ್ತಳೆ-ಕೆಂಪು ಹೊಟ್ಟೆ. ಆದರೆ ಅದರ ಬೆನ್ನು ಕಪ್ಪು, ಕಪ್ಪು ರೆಕ್ಕೆಯ ಮೇಲೆ ಕಿತ್ತಳೆ ಪಟ್ಟೆ, ಬಾಲ ಉದ್ದ. ಗುಂಪಾಗಿ ಮರದ ನೆತ್ತಿಯಲ್ಲಿ ಓಡಾಡುತ್ತದೆ. ನಿಮ್ಮ ಹಕ್ಕಿಯ ಬೆನ್ನು ಕಿತ್ತಳೆ, ರೆಕ್ಕೆಯಲ್ಲಿ ಯಾವ ಪಟ್ಟೆಯೂ ಇಲ್ಲದ ಅಚ್ಚ ಕಪ್ಪು, ಬಾಲ ಗಿಡ್ಡ. ರಾಜಹಕ್ಕಿಯ ಹೆಣ್ಣಿಗೂ ಕಪ್ಪು ತಲೆ, ಕಂದುಗೆಂಪು ಬೆನ್ನು ಇರುತ್ತದೆ. ಅದಕ್ಕೆ ಜುಟ್ಟು ಇದೆ, ಹೊಟ್ಟೆ ಬೆಳ್ಳಗೆ, ಗಾತ್ರದಲ್ಲೂ ಸಾಕಷ್ಟು ದೊಡ್ಡದು. ಚಳಿಗಾಲದಲ್ಲಿ ಹಿಮಾಲಯದಿಂದ ಬಂದು ಇದೇ ಪೊದೆಗಳ ಅಡಿಯಲ್ಲಿ ತಿರುಗಾಡುವ ನೀಲಿ ರಾಬಿನ್‌ಗೆ ಎದೆ ಕಿತ್ತಳೆಯಾದರೂ ಬೆನ್ನು ನೀಲಿ. ನೊಣಹಿಡುಕದ ಹೆಣ್ಣನ್ನು ಮಾತ್ರ ಎಷ್ಟೋ ಜನ ಬೇರೆ ಹಕ್ಕಿಯೆಂದೇ ಬರೆದುಕೊಳ್ಳುತ್ತಾರೆ. ಗಂಡಿನಲ್ಲಿ ಕಪ್ಪಿರುವಲ್ಲೆಲ್ಲ ಹೆಣ್ಣಿನಲ್ಲಿ ಗಾಢ ಕಂದು ಇರುತ್ತದೆ, ಕಣ್ಣಿನ ಸುತ್ತ ತಿಳಿಬಣ್ಣದ ಉಂಗುರ. ನೆರಳಿನಲ್ಲಿ ಆ ಉಂಗುರ ಮೊದಲು ಕಣ್ಣಿಗೆ ಬೀಳುತ್ತದೆ.

ದನಿಯೂ ಗೊತ್ತಿರಲಿ. ಹಾಡು ಬಹಳ ತೆಳು, ಬಹಳ ಎತ್ತರದ ಸ್ಥಾಯಿಯದು, ಲೋಹ ಉಜ್ಜಿದಂತೆ. ಜೀರುಂಡೆಯ ಸದ್ದೆಂದು ತಳ್ಳಿಹಾಕುವವರೇ ಹೆಚ್ಚು. ವಯಸ್ಸಾದವರ ಕಿವಿಗೆ ಇದು ಕೇಳಿಸದೇ ಹೋಗುವುದೂ ಉಂಟು, ಹಾಗಾಗಿ ಎಣಿಕೆಗೆ ಹೋಗುವಾಗ ಜೊತೆಯಲ್ಲಿ ಎಳೆಯ ಕಿವಿಯೊಂದು ಇದ್ದರೆ ಒಳ್ಳೆಯದು. ಗಾಬರಿಯಾದಾಗ ‘ಝಿಟ್ ಝಿಟ್’ ಎನ್ನುತ್ತ ರೆಕ್ಕೆ ಝಾಡಿಸುತ್ತದೆ. ಇದು ನಿಮಗೆ ತುಂಬ ಉಪಯೋಗಕ್ಕೆ ಬರುವ ಗುರುತು: ಹಕ್ಕಿ ಹಾಗೆ ಮಾಡುತ್ತಿದೆ ಎಂದರೆ ನೀವು ಬೇಕಾದ್ದಕ್ಕಿಂತ ಹತ್ತಿರ ಬಂದಿದ್ದೀರಿ.

ಈಗ ಮುಖ್ಯ ವಿಷಯ. ಈ ಹಕ್ಕಿ ಶೋಲಾ ಕಾಡಿನಲ್ಲಿದೆ ಎನ್ನುವುದು ಅರ್ಧ ಸತ್ಯ. ಅದು ಇರುವುದು ಶೋಲಾದ ನೆಲಮಹಡಿಯಲ್ಲಿ. ಮರ ಎಷ್ಟೇ ಎತ್ತರವಿರಲಿ, ಇದರ ಲೋಕ ನೆಲದಿಂದ ಸುಮಾರು ಎರಡು ಮೀಟರಿನೊಳಗೆ ಮುಗಿಯುತ್ತದೆ. ಗುರಿಗೆ ಗಿಡದ (ಕುರಿಂಜಿ ಕುಲದ ಪೊದೆ) ಸಂದು, ಜರಿಗಿಡಗಳ ಹಿಂಡು, ಬೆತ್ತದ ಮೆಳೆ, ವಾಟೆ ಬಿದಿರು, ಹಳ್ಳದ ಬದಿಯ ಕೊರಕಲು ಇವೇ ಅದರ ಜಾಗ. ಅದರ ಬೇಟೆಯ ರೀತಿ ಗಮನಿಸಿ. ತೆಳುವಾದ ಒಂದು ಕಡ್ಡಿಯ ಮೇಲೆ ಅಲ್ಲಾಡದೆ ಕೂರುತ್ತದೆ, ಕೆಳಗಿನ ಎಲೆ ಹಾಸನ್ನೇ ನೋಡುತ್ತಿರುತ್ತದೆ, ಏನಾದರೂ ಮಿಸುಕಿದರೆ ಇಳಿದು ಹೆಕ್ಕಿ ಮತ್ತೆ ಕಡ್ಡಿಗೆ ಏರುತ್ತದೆ. ನಡುನಡುವೆ ಒಂದೆರಡು ಮೊಳದಷ್ಟು ಹಾರಿ ಗಾಳಿಯಲ್ಲಿರುವ ಹುಳವನ್ನೂ ಹಿಡಿಯುತ್ತದೆ. ಇಷ್ಟಕ್ಕೆ ಮೂರು ಸೇರಬೇಕು: ಕೂರಲು ಕಡ್ಡಿ, ಕಡ್ಡಿಗಳ ನಡುವೆ ಹಾರುವಷ್ಟು ತೆರಪು, ಅಡಿಯಲ್ಲಿ ಹುಳಹುಪ್ಪಟೆ ತುಂಬಿದ ಒದ್ದೆ ದರಗು, ಅಂದರೆ ಉದುರಿದ ಎಲೆಗಳ ಹಾಸು.

ಪೊದೆ ಸವರಿದಾಗ ಮೂರೂ ಒಟ್ಟಿಗೆ ಹೋಗುತ್ತವೆ. ಕಡ್ಡಿ ಹೋಗುವುದು ಕಣ್ಣಿಗೆ ಕಾಣುತ್ತದೆ. ಕಾಣದೆ ಹೋಗುವುದು ತೇವ. ಅಡಿಯ ಪೊದೆ ಕಾಡಿಗೆ ಗೋಡೆಯಿದ್ದ ಹಾಗೆ, ಬೇಸಿಗೆಯ ಒಣ ಗಾಳಿ ಒಳಗೆ ನುಗ್ಗದಂತೆ ತಡೆಯುತ್ತದೆ. ಅದು ಇಲ್ಲವಾದರೆ ಫೆಬ್ರುವರಿ, ಮಾರ್ಚಿನಲ್ಲಿ ದರಗಿನ ಮೇಲ್ಪದರ ಗರಿಗರಿಯಾಗುತ್ತದೆ, ಎಲೆ ಕೊಳೆಯುವುದು ನಿಲ್ಲುತ್ತದೆ, ಹುಳಗಳು ಮಣ್ಣಿನಾಳಕ್ಕೆ ಇಳಿಯುತ್ತವೆ ಅಥವಾ ಸಾಯುತ್ತವೆ. ಹಕ್ಕಿ ಗೂಡು ಕಟ್ಟಲು ತೊಡಗುವುದೂ ಅದೇ ಮಾರ್ಚಿನಲ್ಲಿ. ಮೇಲೆ ಮರಗಳೆಲ್ಲ ಹಾಗೇ ಇವೆ, ಕಾಡು ಚೊಕ್ಕಟವಾಗಿ ಕಾಣುತ್ತದೆ, ಹಕ್ಕಿಗೆ ಮಾತ್ರ ಉಣ್ಣಲು ಇಲ್ಲ. ನಿಮ್ಮ ಹಳ್ಳದಲ್ಲಿ ಆಗಿರುವುದು ಬಹುತೇಕ ಇದೇ. ಸವರಿದ ಸೊಪ್ಪನ್ನೂ ದರಗನ್ನೂ ಗುಡಿಸಿ ಕೊಟ್ಟಿಗೆಗೋ ಗೊಬ್ಬರದ ಗುಂಡಿಗೋ ಸಾಗಿಸಿದ್ದರೆ ಪೆಟ್ಟು ಇನ್ನೂ ಹೆಚ್ಚು ಬಿದ್ದಿರುತ್ತದೆ.

ಆದ್ದರಿಂದ ಮೊದಲ ಕೆಲಸ, ಕೆಲಸ ನಿಲ್ಲಿಸುವುದು. ಆ ಮೂರು ಎಕರೆಯೊಳಗೆ ಕಳೆ ಹೊಡೆಯುವ ಮೆಷಿನ್ ಆಗಲಿ ಕತ್ತಿಯಾಗಲಿ ಹೋಗಬಾರದು. ದರಗು ಬೇಕಿದ್ದರೆ ತೋಟದ ಸಿಲ್ವರ್ ಓಕ್ ಸಾಲಿನ ಅಡಿಯಿಂದ ತೆಗೆದುಕೊಳ್ಳಿ. ಬಿದ್ದ ಕೊಂಬೆಗಳನ್ನು ಸೌದೆಗೆ ಒಯ್ಯಬೇಡಿ. ನೆಲದ ಮೇಲೆ ಅಡ್ಡಾದಿಡ್ಡಿ ಬಿದ್ದ ಕೊಂಬೆಗಳು ಈಗಿನ ಸ್ಥಿತಿಯಲ್ಲಿ ಹಕ್ಕಿಗೆ ಸಿಗುವ ಮೊದಲ ಕೂರುಜಾಗ. ಸವರಿದ ಕಡ್ಡಿಗಳು ಇನ್ನೂ ಅಲ್ಲೇ ರಾಶಿ ಬಿದ್ದಿದ್ದರೆ ಸುಡದೆ ತೆಳುವಾಗಿ ಹರಡಿ. ದನ ನುಗ್ಗುವ ದಾರಿಯಿದ್ದರೆ ಬೇಲಿ ಹಾಕಿ. ಹೊಸ ಚಿಗುರು ತಿನ್ನುವುದಕ್ಕಿಂತ ತುಳಿಯುವುದರಿಂದ ಹೆಚ್ಚು ಹಾಳು. ಬುಡ ಜೀವವಿರುವ ಗಿಡಗಳು ಒಂದೆರಡು ಮಳೆಗಾಲದಲ್ಲಿ ಚಿಗುರಿಕೊಳ್ಳುತ್ತವೆ. ಜರಿಗಿಡ ಎಲ್ಲಕ್ಕಿಂತ ಮೊದಲು ಬರುತ್ತದೆ. ಹೊರಗಿನಿಂದ ಸಸಿ ತಂದು ನೆಡುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ, ಬಿಟ್ಟರೆ ಕಾಡು ತಾನೇ ಮುಚ್ಚಿಕೊಳ್ಳುತ್ತದೆ.

ಇಲ್ಲೊಂದು ತೊಡಕಿದೆ. ಸವರಿದ ಜಾಗಕ್ಕೆ ಬಿಸಿಲು ಬಿದ್ದರೆ ಮೊದಲು ಏಳುವುದು ಲಂಟಾನ, ಕಮ್ಯುನಿಸ್ಟ್ ಗಿಡದಂಥ ಕಳೆಗಳು. ಇವನ್ನು ತೆಗೆಯಬೇಕು, ಆದರೆ ಒಂದೇ ಸಲಕ್ಕೆ ಬೋಳಿಸಬಾರದು. ಸ್ಥಳೀಯ ಪೊದೆ ಮೇಲೇಳುವ ತನಕ ಆ ಕಳೆಯೇ ನೆರಳು, ಅದೇ ಮರೆ. ಐದಾರು ಮೀಟರ್ ಅಗಲದ ಪಟ್ಟಿಗಳಾಗಿ, ಒಂದು ಪಟ್ಟಿ ತೆಗೆದು ಒಂದು ಬಿಟ್ಟು, ಎರಡು ಮೂರು ವರ್ಷಗಳಲ್ಲಿ ಮುಗಿಸಿ. ಲಂಟಾನವನ್ನು ಬುಡದ ಮೇಲೆ ಕಡಿದರೆ ಹತ್ತು ಕವಲಾಗಿ ಚಿಗುರುತ್ತದೆ. ಮಣ್ಣಿನ ಮಟ್ಟಕ್ಕಿಂತ 3ರಿಂದ 5 ಸೆಂ.ಮೀ. ಕೆಳಗೆ ತಾಯಿಬೇರನ್ನು ಕತ್ತರಿಸಿ, ಇಡೀ ಪೊದೆಯನ್ನು ಬುಡಮೇಲು ಮಾಡಿ ಅಲ್ಲೇ ಒಣಗಲು ಬಿಡಿ. ಹಣ್ಣಾಗುವ ಮೊದಲೇ ಇದನ್ನು ಮಾಡಬೇಕು, ಹಣ್ಣಾದ ಮೇಲೆ ಪಿಕಳಾರಗಳು ಬೀಜವನ್ನು ಕಾಡಿಡೀ ಬಿತ್ತುತ್ತವೆ. ಕಳೆನಾಶಕ ಹಳ್ಳದ ಹತ್ತಿರ ಬೇಡವೇ ಬೇಡ.

ಗುರಿಗೆಯ ವಿಷಯ ಬೇರೆ. 2022ರಲ್ಲಿ ಮುಳ್ಳಯ್ಯನಗಿರಿ ಸಾಲಿನಲ್ಲಿ ಗುಡ್ಡವೇ ನೀಲಿಯಾಗುವಷ್ಟು ಹೂ ಬಂದಿದ್ದು ನಿಮಗೆ ನೆನಪಿರಬೇಕು. ಈ ಕುಲದ ಹಲವು ಜಾತಿಗಳು ವರ್ಷಗಟ್ಟಲೆ ಬೆಳೆದು, ಒಟ್ಟಿಗೆ ಹೂಬಿಟ್ಟು, ಬೀಜ ಕಟ್ಟಿ, ಒಟ್ಟಿಗೆ ಒಣಗುತ್ತವೆ. ಕಾಡಿನೊಳಗಿನ ಗುರಿಗೆ ಹಾಗೆ ಒಣಗಿದಾಗ ‘ಸತ್ತ ಗಿಡ, ಬೆಂಕಿಗೆ ದಾರಿ’ ಎಂದು ಕಡಿಸುವವರಿದ್ದಾರೆ. ಒಣಗಿದ ಆ ಕಡ್ಡಿಗಳ ನಡುವೆಯೇ ಹೊಸ ಸಸಿ ಏಳುವುದು, ಹಕ್ಕಿ ಕೂರುವುದೂ ಅವುಗಳ ಮೇಲೆಯೇ. ಬೆಂಕಿಯ ಭಯವಿದ್ದರೆ ಕಾಡಿನ ಹೊರ ಅಂಚಿನಲ್ಲಿ, ಹುಲ್ಲು ಸೇರುವ ಕಡೆ, ಜನವರಿಯೊಳಗೆ ಬೆಂಕಿಗೆರೆ ಮಾಡಿ. ಒಳಗೆ ಕೈ ಹಾಕಬೇಡಿ.

ಗೂಡು ಎಲ್ಲಿರುತ್ತದೆ, ಹೇಗಿರುತ್ತದೆ ಎಂಬುದು ನಿಮಗಿಂತ ನಿಮ್ಮ ತೋಟದ ಆಳುಗಳಿಗೆ ಗೊತ್ತಿರಬೇಕು. ಮಾರ್ಚಿನಿಂದ ಮೇ ತನಕ, ಕೆಲವೊಮ್ಮೆ ಜೂನಿನವರೆಗೂ ಗೂಡಿನ ಕಾಲ. ನೆಲದಿಂದ ಒಂದು ಮೀಟರಿನೊಳಗೆ, ಜರಿಗಿಡದ ನಡುವೆಯೋ ಗಿಡ್ಡ ಪೊದೆಯ ಕವಲಿನಲ್ಲೋ, ಹುಲ್ಲಿನಂಥ ಉದ್ದ ಎಲೆ ಮತ್ತು ಒಣ ಜರಿ ಸುತ್ತಿ ಮಾಡಿದ ಉಂಡೆ. ಬಾಯಿ ಪಕ್ಕಕ್ಕೆ ಇರುತ್ತದೆ. ಮೊಟ್ಟೆ ಸಾಮಾನ್ಯವಾಗಿ ಎರಡೇ. ನೋಡಿದರೆ ಗೂಡೆನ್ನಿಸುವುದೇ ಇಲ್ಲ, ಮಳೆನೀರಿಗೆ ತೇಲಿಬಂದು ಗಿಡಕ್ಕೆ ಸಿಕ್ಕಿಕೊಂಡ ಕಸದ ಮುದ್ದೆಯಂತೆ ಕಾಣುತ್ತದೆ. ಮೆಷಿನ್ ಹಿಡಿದವರು ಅದನ್ನು ಬೀಸಿ ಹಾಕುವುದು ಬೇಕೆಂದಲ್ಲ, ಕಾಣದೆ. ಹೂಮಳೆ (ಕಾಫಿ ಹೂವರಳಿಸುವ ಬೇಸಿಗೆಯ ಮಳೆ) ಬಿದ್ದ ಮೇಲೆ, ಮುಂಗಾರಿಗೆ ಮುಂಚೆ ನೀವು ತೋಟದಲ್ಲಿ ಕಳೆ ಹೊಡೆಸುವ ಹೊತ್ತು ಗೂಡಿನ ಹೊತ್ತಿಗೆ ಸರಿಯಾಗಿ ಬಂದು ಬೀಳುತ್ತದೆ. ಕಾಡಿಗೆ ತಗುಲಿದ ಕೊನೆಯ ಮೂರು ಸಾಲು ಕಾಫಿಯಲ್ಲೂ ಹಳ್ಳದ ಎರಡು ದಡಗಳಲ್ಲೂ ಆ ಸುತ್ತನ್ನು ಬಿಟ್ಟುಬಿಡಿ. ಅಲ್ಲಿ ಮಳೆಗಾಲ ಕಳೆದ ಮೇಲಿನ ಒಂದು ಸುತ್ತು ಸಾಕು. ಬಿಡಲು ಆಗುವುದೇ ಇಲ್ಲ ಎಂದಾದರೆ ಮೆಷಿನ್ ಬದಲು ಕತ್ತಿಯಲ್ಲಿ ಮಾಡಿಸಿ, ಹಿಂದಿನ ದಿನ ಒಬ್ಬರು ಕೋಲಿನಿಂದ ಜರಿಯನ್ನು ಮೆಲ್ಲಗೆ ಸರಿಸಿ ನೋಡಿಕೊಂಡು ಬರಲಿ.

ಗೂಡು ಸಿಕ್ಕಿದರೆ ಏನು ಮಾಡಬೇಕು? ಏನನ್ನೂ ಮಾಡಬಾರದು. ಗೂಡಿಗೆ ಬಟ್ಟೆ ಕಟ್ಟಿ ಗುರುತು ಮಾಡಬೇಡಿ. ಐದಾರು ಮೀಟರ್ ದೂರದ ಮರಕ್ಕೆ ಗುರುತು ಹಾಕಿ ಆ ಕಡೆ ಐದು ವಾರ ಯಾರೂ ಹೋಗದಂತೆ ನೋಡಿಕೊಳ್ಳಿ. ಇಷ್ಟು ಚಿಕ್ಕ ನೊಣಹಿಡುಕಗಳಲ್ಲಿ ಕಾವಿಗೆ ಸುಮಾರು ಎರಡು ವಾರ, ಮರಿ ಗೂಡು ಬಿಡಲು ಮತ್ತೆ ಸುಮಾರು ಎರಡು ವಾರ ಬೇಕು. ಉಳಿದ ಒಂದು ವಾರ ಹೆಚ್ಚಿನ ಎಚ್ಚರಿಕೆಗೆ. ಗೂಡಿನ ಹತ್ತಿರ ಜರಿಯನ್ನು ತುಳಿದು ಒಮ್ಮೆ ದಾರಿ ಮಾಡಿದರೆ ಮುಂಗುಸಿ, ಬೆಕ್ಕು ಅದೇ ದಾರಿ ಹಿಡಿಯುತ್ತವೆ. ಕಾನೂನಿನ ಮಾತೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂಬ ಪದದ ವ್ಯಾಖ್ಯೆಯೊಳಗೇ ಕಾಡುಹಕ್ಕಿಯ ಮೊಟ್ಟೆ ಒಡೆಯುವುದು, ಮೊಟ್ಟೆಯನ್ನೋ ಗೂಡನ್ನೋ ಕದಲಿಸುವುದು ಸೇರಿದೆ. ತೋಟ ನಿಮ್ಮದಾದರೂ ಗೂಡಿಗೆ ಆ ರಕ್ಷಣೆ ಇದ್ದೇ ಇದೆ.

ಇದರಿಂದ ಗೂಡುಪೆಟ್ಟಿಗೆಯ ಪ್ರಶ್ನೆಗೂ ಉತ್ತರ ಸಿಕ್ಕಿತು. ಪೆಟ್ಟಿಗೆ ಬೇಕಾಗುವುದು ಪೊಟರೆಯಲ್ಲಿ ಗೂಡು ಮಾಡುವ ಹಕ್ಕಿಗಳಿಗೆ: ಮಡಿವಾಳ, ಚೇಕಡಿಹಕ್ಕಿಯಂಥವಕ್ಕೆ. ಯುರೋಪಿನಲ್ಲಿ ಇದೇ ಕುಲದ ಕೆಲವು ನೊಣಹಿಡುಕಗಳು ಪೆಟ್ಟಿಗೆಗೆ ಬರುತ್ತವೆ, ಅದನ್ನು ಓದಿ ನಮ್ಮ ಹಕ್ಕಿಗೂ ಇಡುವವರಿದ್ದಾರೆ. ಎಲೆಯುಂಡೆ ಕಟ್ಟುವ ಹಕ್ಕಿ ಅದರೊಳಗೆ ಬರುವುದಿಲ್ಲ. ಅದಕ್ಕೆ ಬೇಕಾದ ಪೆಟ್ಟಿಗೆ ನಿಮ್ಮ ಜರಿಗಿಡವೇ.

ನೀರಿನ ತೊಟ್ಟಿಯೂ ಬೇಡ. ಹಳ್ಳದಲ್ಲಿ ನೀರಿದ್ದರೆ ಸಾಕು. ನೋಡಬೇಕಾದ್ದು ಆ ನೀರು ಉಳಿದಿದೆಯೇ ಎಂಬುದು. ಮಲೆನಾಡಿನ ತೋಟಗಳಲ್ಲಿ ಒರತೆಗೆ ಪೈಪು ಹಾಕಿ ಟ್ಯಾಂಕಿಗೆ ಇಳಿಸಿಕೊಳ್ಳುವುದು ಮಾಮೂಲು. ಹೋಂಸ್ಟೇ ಬಂದ ಮೇಲೆ ಬಳಕೆ ಹೆಚ್ಚಾಗಿ, ಮಾರ್ಚಿನ ಹೊತ್ತಿಗೆ ಒರತೆಯ ಪೂರ್ತಿ ನೀರು ಪೈಪಿನಲ್ಲೇ ಹೋಗಿ ಹಳ್ಳ ಒಣಗಿರುತ್ತದೆ. ಜರಿಗಿಡ ಬಾಡಲು ಅಷ್ಟು ಸಾಕು. ಪೈಪಿನ ಬಾಯನ್ನು ಒರತೆಯ ಗುಂಡಿಯ ತಳದಲ್ಲಿ ಇಡಬೇಡಿ, ಅರ್ಧ ಎತ್ತರದಲ್ಲಿಟ್ಟು, ಹಳ್ಳಕ್ಕೆ ಹರಿಯುವ ಕೋಡಿಯನ್ನು ಅದಕ್ಕಿಂತ ಕೆಳಗೆ ಇರಿಸಿ. ಆಗ ನೀರು ಇಳಿದಾಗ ಮೊದಲು ನಿಲ್ಲುವುದು ಪೈಪು, ಕೊನೆಗೆ ನಿಲ್ಲುವುದು ಹಳ್ಳ. ಟ್ಯಾಂಕು ತುಂಬಿದ ಮೇಲೆ ಚೆಲ್ಲುವ ನೀರನ್ನೂ ಹಳ್ಳಕ್ಕೇ ತಿರುಗಿಸಿ.

ಔಷಧಿ ಸಿಂಪರಣೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಅರೇಬಿಕ ಕಾಫಿಗೆ ಬಿಳಿ ಕಾಂಡಕೊರಕ (ಕಾಂಡ ಕೊರೆಯುವ ಹುಳ) ಬರುವುದರಿಂದ ಏಪ್ರಿಲ್-ಮೇ ಮತ್ತು ಅಕ್ಟೋಬರ್-ಡಿಸೆಂಬರ್ ಅದರ ಜೀರುಂಡೆ ಹಾರುವ ಕಾಲ. ಕೀಟನಾಶಕ ಕೈಗೆತ್ತಿಕೊಳ್ಳುವುದೂ ಆಗಲೇ. ಮೊದಲ ಹಾರಾಟ ಈ ಹಕ್ಕಿ ಮರಿಗೆ ಹುಳ ಕೊಡುವ ಕಾಲದ ಮೇಲೆಯೇ ಬೀಳುತ್ತದೆ. ಕಾಡಿನಂಚಿನ 25-30 ಮೀಟರಿನಲ್ಲಿ ಕೀಟನಾಶಕದ ಬದಲು ಶೇ. 10ರ ಸುಣ್ಣದ ನೀರನ್ನು, ಅಂದರೆ 200 ಲೀಟರಿಗೆ 20 ಕೆ.ಜಿ. ಸುಣ್ಣ ಕಲಸಿ, ಗಿಡದ ಕಾಂಡಕ್ಕೂ ದಪ್ಪ ಕೊಂಬೆಗಳಿಗೂ ಬಳಿಸಿ. ಹಾರಾಟಕ್ಕೆ ಮುಂಚೆ ಕೊರಕ ಬಿದ್ದ ಗಿಡಗಳನ್ನು ಹುಡುಕಿ ಕಿತ್ತು ಸುಡುವುದನ್ನು ಅಲ್ಲಿ ತಪ್ಪದೆ ಮಾಡಿ. ಕೊರಕಕ್ಕೆ ಬಿಸಿಲು ಬೀಳುವ ಕಾಂಡ ಇಷ್ಟ, ಕಾಡಿನ ಮಗ್ಗುಲ ಸಾಲುಗಳಲ್ಲಿ ನೆರಳು ಹೆಚ್ಚಿರುವುದರಿಂದ ಈ ಪದ್ಧತಿ ಅಲ್ಲಿ ನಿಮಗೆ ನಷ್ಟ ತರುವ ಸಂಭವ ಕಡಿಮೆ.

ಇನ್ನು ಫೋಟೋ. ಹಕ್ಕಿ ಕಾಣಲಿ ಎಂದು ಪೊದೆ ಸವರಿದಿರಿ. ನೀವು ಕೆಟ್ಟದ್ದು ಬಯಸಿದವರಲ್ಲ, ಹಾಗೆ ಮಾಡುವವರು ಬಹಳ ಜನ. ಆದರೆ ಈ ಹಕ್ಕಿ ಅಂಜುಬುರುಕವಲ್ಲ, ಬಯಲಿಗೆ ಬರಿಸುವ ಅಗತ್ಯವೇ ಇಲ್ಲ. ಅದಕ್ಕೆ ತನ್ನ ಗಡಿ ಇದೆ, ವರ್ಷವಿಡೀ ಜೋಡಿ ಅಲ್ಲೇ ಇರುತ್ತದೆ. ಎರಡಡಿ ಅಗಲದ ಒಂದೇ ಕಾಲುದಾರಿ ಇಟ್ಟುಕೊಂಡು, ಅದರಲ್ಲಿ ಹಳ್ಳ ತಿರುಗುವ ಒಂದು ಕಡೆ ನಾಲ್ವರು ಕೂರುವಷ್ಟು ಜಾಗ ಮಾಡಿ, ಬೆಳಗಿನ ಏಳರಿಂದ ಒಂಬತ್ತರ ನಡುವೆ ಅಲ್ಲಾಡದೆ ಅರ್ಧ ಗಂಟೆ ಕೂತರೆ ಹಕ್ಕಿಯೇ ಎದುರಿನ ಕಡ್ಡಿಗೆ ಬಂದು ಕೂರುತ್ತದೆ. ಎಂಟು ಹತ್ತು ಮೀಟರ್ ದೂರ ಸಾಕು. ಗಾಢ ಬಣ್ಣದ ಬಟ್ಟೆ, ಉಂಬಳಕ್ಕೆ (ಜಿಗಣೆಗೆ) ಕಾಲುಚೀಲ. ಫ್ಲ್ಯಾಶ್ ಬೇಡ, ಕ್ಯಾಮೆರಾದ ಐ.ಎಸ್.ಓ. (ಬೆಳಕಿನ ಸೂಕ್ಷ್ಮತೆ) ಏರಿಸಿಕೊಳ್ಳಲಿ.

ಮೊಬೈಲಿನಲ್ಲಿ ಹಾಡು ಹಾಕಿ ಕರೆಯುವುದನ್ನು ಪೂರ್ತಿ ನಿಲ್ಲಿಸಿ. ಹಾಡು ಕೇಳಿದ ಗಂಡು ತನ್ನ ಗಡಿಯೊಳಗೆ ಇನ್ನೊಂದು ಗಂಡು ನುಗ್ಗಿದೆ ಎಂದುಕೊಳ್ಳುತ್ತದೆ, ಮೇವು ಬಿಟ್ಟು ಹುಡುಕಾಡುತ್ತದೆ, ಸಿಗದ ಶತ್ರುವಿಗಾಗಿ ಹಾಡುತ್ತಲೇ ಇರುತ್ತದೆ. ಮೂರೆಕರೆಯಲ್ಲಿ ಇರುವುದೇ ಕೆಲವು ಜೋಡಿ. ವಾರಕ್ಕೆ ಮೂರು ಗುಂಪು ಬಂದು ಪ್ರತಿ ಗುಂಪೂ ಹೀಗೆ ಮಾಡಿದರೆ ಆ ಪೆಟ್ಟು ಅದೇ ಗಂಡಿನ ಮೇಲೆ ಬೀಳುತ್ತದೆ. ಚಿತ್ರಕ್ಕೆ ಅಡ್ಡ ಬಂದ ಎಲೆ ಮುರಿಯುವ ಅಭ್ಯಾಸ ಕೆಲವರಿಗಿದೆ. ಆ ಎಲೆ ಗೂಡಿನ ಮರೆಯಾಗಿದ್ದರೆ ಮರುದಿನ ಕೆಂಬೂತ ಬರುತ್ತದೆ. ಇದನ್ನು ಬುಕಿಂಗ್ ಮಾಡುವಾಗಲೇ ನಿಯಮವೆಂದು ತಿಳಿಸಿ, ಕಾಡಿನೊಳಗೆ ನಿಂತು ಜಗಳವಾಡುವುದು ತಪ್ಪುತ್ತದೆ. ಅಡುಗೆಮನೆಯ ಮುಸುರೆಯನ್ನು ಕಾಡಿನಂಚಿಗೆ ಸುರಿಯುವುದೂ ನಿಲ್ಲಲಿ. ಅದಕ್ಕೆ ಬರುವ ಕಾಡುಕಾಗೆ, ಬೆಕ್ಕು, ಬೀದಿನಾಯಿ ನೆಲದ ಹತ್ತಿರದ ಗೂಡುಗಳನ್ನು ಬಿಡುವುದಿಲ್ಲ.

ಕೊನೆಯ ಪ್ರಶ್ನೆ, ನಿಜವಾಗಿ ಕಮ್ಮಿಯಾಗಿದೆಯೇ ಎಂಬುದು. ‘ಮೊದಲು ಕಾಣುತ್ತಿತ್ತು, ಈಗಿಲ್ಲ’ ಎನ್ನುವುದರಿಂದ ತಿಳಿಯುವುದು ಸ್ವಲ್ಪವೇ. ಗಂಡು ಹೆಚ್ಚು ಹಾಡುವುದು ಗೂಡಿನ ಕಾಲದಲ್ಲಿ, ಮಳೆಗಾಲದಲ್ಲಿ ಅದೇ ಹಕ್ಕಿ ಅದೇ ಪೊದೆಯಲ್ಲಿದ್ದರೂ ಸುಳಿವು ಕೊಡುವುದಿಲ್ಲ. ಹಿಂದೆ ಏಪ್ರಿಲಿನಲ್ಲಿ ನೋಡಿ ಈ ಸಲ ಆಗಸ್ಟಿನಲ್ಲಿ ಹುಡುಕಿದ್ದರೆ ಹೋಲಿಕೆಯೇ ತಪ್ಪು.

ಹೀಗೆ ಮಾಡಿ. ಹಳ್ಳದ ಗುಂಟ ನಿಮ್ಮ ಕಾಡು ಸುಮಾರು 300 ಮೀಟರ್ ಉದ್ದವಿರಬಹುದು. ಪ್ರತಿ 50 ಮೀಟರಿಗೆ ಒಂದರಂತೆ ಆರು ನಿಲುಗಡೆ ಗೊತ್ತುಮಾಡಿ ಮರಕ್ಕೆ ಸಣ್ಣ ನಂಬರ್ ಹಾಕಿ. ಸೂರ್ಯ ಹುಟ್ಟಿದ ಅರ್ಧ ಗಂಟೆಯ ಮೇಲೆ ಶುರುಮಾಡಿ. ಪ್ರತಿ ನಿಲುಗಡೆಯಲ್ಲಿ ಮೊದಲ ಒಂದು ನಿಮಿಷ ಸುಮ್ಮನೆ ನಿಂತು, ಮುಂದಿನ ಐದು ನಿಮಿಷ ಕಂಡದ್ದು, ಕೇಳಿದ್ದು ಎರಡನ್ನೂ ಬರೆದುಕೊಳ್ಳಿ: ಗಂಡೋ ಹೆಣ್ಣೋ, ಹಾಡೋ ಗಾಬರಿಯ ಕೂಗೋ, ಯಾವ ದಿಕ್ಕು, ಅಂದಾಜು ಎಷ್ಟು ದೂರ. ಪೊದೆ ದಟ್ಟವಿರುವ ಕಡೆ 25 ಮೀಟರಿಗಿಂತ ಆಚೆಯದನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಡಿಗೆ ಸೇರಿ ಮುಕ್ಕಾಲು ಗಂಟೆ ಸ್ವಲ್ಪ ಮೀರುತ್ತದೆ. ಗಾಳಿ, ಮಳೆ ಇದ್ದ ದಿನ ಹೋಗಬೇಡಿ; ತೆಳು ಹಾಡು ಎಲೆಯ ಸದ್ದಿನಲ್ಲಿ ಮುಳುಗಿಹೋಗುತ್ತದೆ. ಫೆಬ್ರುವರಿ ಕೊನೆಯಿಂದ ಮೇ ನಡುವರೆಗೆ ನಾಲ್ಕು ಸಲ, ಅಕ್ಟೋಬರಿನಿಂದ ಡಿಸೆಂಬರಿಗೆ ಮೂರು ಸಲ ಸಾಕು. ಏನೂ ಸಿಗದ ದಿನವನ್ನೂ ‘ಸೊನ್ನೆ’ ಎಂದು ಬರೆಯಿರಿ. ಸೊನ್ನೆ ಬಿಟ್ಟ ಪಟ್ಟಿ ಯಾವಾಗಲೂ ಹಕ್ಕಿ ಹೆಚ್ಚಿದೆ ಎಂದೇ ಹೇಳುತ್ತದೆ.

ಕಾಡಿನ ಒಂದು ಕೈಬರಹದ ನಕ್ಷೆ ಮಾಡಿಕೊಂಡು ಪ್ರತಿ ಭೇಟಿಯ ಗುರುತುಗಳನ್ನು ಬೇರೆ ಬೇರೆ ಬಣ್ಣದಲ್ಲಿ ಹಾಕಿ. ನಾಲ್ಕು ಭೇಟಿಯಲ್ಲಿ ಎರಡು ಸಲವಾದರೂ ಒಂದೇ ಜಾಗದಲ್ಲಿ ಗಂಡು ಸಿಕ್ಕರೆ ಅದನ್ನೊಂದು ಗಡಿ ಎಂದು ಎಣಿಸಿ. ಒಂದೇ ಹೊತ್ತಿಗೆ ಎರಡು ಕಡೆಯಿಂದ ಹಾಡು ಬಂದರೆ ಎರಡು ಗಂಡು ಇರುವುದು ಖಾತ್ರಿ. ಅದನ್ನು ನಕ್ಷೆಯಲ್ಲಿ ಗೆರೆಯೆಳೆದು ಜೋಡಿಸಿ, ಗಡಿಗಳನ್ನು ಬೇರ್ಪಡಿಸಲು ಇದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ. ಇದರ ಜೊತೆಗೆ ಪ್ರತಿ ನಿಲುಗಡೆಯ ಸುತ್ತ ಐದು ಕಡೆ ಸ್ಕೇಲ್ ಇಳಿಸಿ ದರಗಿನ ಆಳವನ್ನು ಸೆಂ.ಮೀ.ನಲ್ಲಿ ಅಳೆಯಿರಿ. ಸೊಂಟದೆತ್ತರದಲ್ಲಿ ಕೋಲನ್ನು ಒಂದು ಮೀಟರ್ ಉದ್ದಕ್ಕೆ ಅಡ್ಡ ಹಿಡಿದು ಎಷ್ಟು ಕಡ್ಡಿ ತಾಗುತ್ತವೆ ಎಂದು ಎಣಿಸಿ. ವರ್ಷಕ್ಕೊಮ್ಮೆ, ಜನವರಿಯಲ್ಲಿ ಇಷ್ಟು ಮಾಡಿದರೆ ಹಕ್ಕಿ ಮರಳುವ ಮೊದಲೇ ಕಾಡು ಮರಳುತ್ತಿದೆಯೇ ಎಂಬುದು ತಿಳಿಯುತ್ತದೆ.

ಒಂದು ಮುಖ್ಯ ಅಂಶ: ಪಕ್ಕದಲ್ಲಿ ಸವರದೇ ಬಿಟ್ಟ ಶೋಲಾ ಇದ್ದರೆ, ಅಲ್ಲಿನವರ ಒಪ್ಪಿಗೆ ಪಡೆದು ಅದೇ ವಾರದಲ್ಲಿ ಅಲ್ಲೂ ಇದೇ ಎಣಿಕೆ ಮಾಡಿ. ಅಲ್ಲಿ ಹಕ್ಕಿ ಇದ್ದು ನಿಮ್ಮಲ್ಲಿ ಇಲ್ಲದಿದ್ದರೆ ಕಾರಣ ಪೊದೆ. ಎರಡೂ ಕಡೆ ಕಮ್ಮಿಯಿದ್ದರೆ ಕಾರಣ ಬೇರೆಯದು. ಆ ವರ್ಷದ ಮಳೆಯನ್ನೂ ಬಿಸಿಲನ್ನೂ ನೋಡಬೇಕಾಗುತ್ತದೆ. ಎಣಿಕೆಯನ್ನು ಇ-ಬರ್ಡ್‌ನಲ್ಲಿ (ಕಂಡ ಹಕ್ಕಿಗಳನ್ನು ದಾಖಲಿಸುವ ಜಾಲತಾಣ) ಹಾಕಿ, ಬಾಬಾಬುಡನ್‌ಗಿರಿಯಂಥ ಕಡೆಯಿಂದ ವರ್ಷವರ್ಷವೂ ಒಂದೇ ರೀತಿಯಲ್ಲಿ ಬಂದ ಪಟ್ಟಿಗೆ ಬೆಲೆ ಬಹಳ. ಗೂಡಿನ ಜಾಗವನ್ನು ಮಾತ್ರ ಹಾಕಬೇಡಿ, ಫೋಟೋದೊಳಗೆ ಮೊಬೈಲ್ ಸೇರಿಸುವ ಸ್ಥಳದ ಗುರುತನ್ನೂ ತೆಗೆದುಹಾಕಿ.

ಎಣಿಸುವಾಗ ಇನ್ನೂ ಒಂದೆರಡು ಹೆಸರು ಪುಸ್ತಕಕ್ಕೆ ಬರಬಹುದು. ಮೇಲಿನ ಕೊಂಬೆಗಳಲ್ಲಿ ನೀಲಗಿರಿ ನೊಣಹಿಡುಕ ಸಿಕ್ಕೀತು. ಬೆಳಕು ಹರಿಯುವ ಮೊದಲು, ಸಂಜೆ ಕತ್ತಲಾಗುವಾಗ ಹಳ್ಳದ ಅಂಚಿನಿಂದ ತುಂಬು ದನಿಯ ಸಿಳ್ಳೆಹಾಡು ಕೇಳಿದರೆ ಹೊರಗೆ ಬಂದು ಗಮನವಿಟ್ಟು ಕೇಳಿ, ಅದು ನೀಲಗಿರಿ ಶೋಲಕಿಳಿ ಇರಬಹುದು. ಶೋಲಾ ಬಿಟ್ಟು ಬೇರೆಡೆ ಬದುಕದ ಈ ಹಕ್ಕಿಗಳಿಗೆ 2017ರಲ್ಲಿ ವಿಜ್ಞಾನಿಗಳು ಶೋಲಿಕೋಲ ಎಂಬ ಹೊಸ ಕುಲವನ್ನೇ ಕೊಟ್ಟರು. ಕಾಡು ತುಂಡಾದ ಕಡೆ ಅವುಗಳ ಹಾಡೇ ಬೇರೆ ಬೇರೆಯಾಗುತ್ತಿರುವುದನ್ನೂ ಅಧ್ಯಯನಗಳು ತೋರಿಸಿವೆ. ಅದಕ್ಕೂ ಬೇಕಾದ್ದು ಇದೇ ಪೊದೆ, ಇದೇ ದರಗು.

ಎರಡು ಗೂಡಿನ ಕಾಲ ಕಳೆದರೂ, ಪೊದೆ ಎದ್ದು ದರಗು ಕೂಡಿದರೂ ಹಕ್ಕಿ ಬಾರದಿದ್ದರೆ ನಕ್ಷೆಯಲ್ಲಿ ಹಳ್ಳದ ಮೇಲ್ಭಾಗ ನೋಡಿ. ಮೂರೆಕರೆ ಕಾಡಿಗೆ ಹೊಸ ಜೋಡಿ ಬರಬೇಕಾದರೆ ಮೇಲಿನ ದೊಡ್ಡ ಶೋಲಾದಿಂದಲೇ ಬರಬೇಕು. ನೆಲಕ್ಕಂಟಿ ಬದುಕುವ ಈ ಪುಟ್ಟ ಹಕ್ಕಿ ಬಯಲು ದಾಟಲು ಹಿಂಜರಿಯುತ್ತದೆ. ನಡುವೆ ಹುಲ್ಲುಗುಡ್ಡವಿದ್ದರೆ ಹಕ್ಕಿಗಾಗಿ ಎಂದು ಅಲ್ಲಿ ಅಕೇಶಿಯಾ, ಸಿಲ್ವರ್ ಓಕ್ ನೆಡಿಸುವ ತಪ್ಪು ಮಾಡಬೇಡಿ. ಹುಲ್ಲುಗುಡ್ಡ ಈ ಬೆಟ್ಟಗಳ ಸಹಜ ಹೊದಿಕೆ, ನಿಮ್ಮ ಒರತೆಗೆ ನೀರು ಇಂಗುವುದೂ ಅಲ್ಲಿಂದಲೇ. ಸೇತುವೆಯಾಗಬೇಕಾದ್ದು ಹಳ್ಳ. ಅದರ ಎರಡೂ ಬದಿ 10 ಮೀಟರಿನಷ್ಟು ಪಟ್ಟಿಯನ್ನು ಮೇಲಿನ ಕಾಡು ಮುಟ್ಟುವವರೆಗೂ ಸವರದೆ, ಮೇಯಿಸದೆ, ಬೆಂಕಿ ತಾಗದಂತೆ ಬಿಡಬೇಕು. ಆ ಹಾದಿಯಲ್ಲಿ ಬೇರೆಯವರ ತೋಟ ಇದ್ದರೆ ಮೊದಲು ಹೋಗಿ ಮಾತಾಡಬೇಕಾದ್ದು ಅವರ ಬಳಿ, ಅದೂ ಹೂಮಳೆಗೆ ಮುಂಚೆ, ಅವರು ಮೆಷಿನ್ ಹೊರಗೆ ತೆಗೆಯುವ ಮೊದಲು.